ಓದುಗರ ಪ್ರಶ್ನೆ: ಅರೆತಲೆನೋವು ಮತ್ತು ಹಾಲಿನ ಲೆಕ್ಕದ ಕ್ಯಾಲೆಂಡರ್

ಅರೆತಲೆನೋವಿನ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ‘ಯಾವ ಮಾತ್ರೆ ಒಳ್ಳೇದು?’ ಎಂದು ಕೇಳದವರಿಲ್ಲ. ನೋವು ಶುರುವಾದ ಎಷ್ಟು ಹೊತ್ತಿಗೆ ನುಂಗಿದೆ, ತಿಂಗಳಲ್ಲಿ ಎಷ್ಟು ದಿನ ನುಂಗಿದೆ ಎಂದು ಬರೆದವರು ಇಬ್ಬರೋ ಮೂವರೋ. ನಮ್ಮ ಉತ್ತರಗಳು ಸುತ್ತಿ ಸುತ್ತಿ ಅಲ್ಲಿಗೇ ಬರುತ್ತವೆ, ಬೇಸರಿಸಬೇಡಿ. ಇಲ್ಲಿರುವ ಡೋಸುಗಳು ಬೇರೆ ಕಾಯಿಲೆ ಇಲ್ಲದ ವಯಸ್ಕರಿಗೆ. ಬಸುರಿಯರು, ಅಲ್ಸರ್, ಕಿಡ್ನಿ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಯಾವುದನ್ನೂ ಮುಟ್ಟಬೇಡಿ.

ಪ್ರಶ್ನೆ: ನನಗೆ 36 ವರ್ಷ. ತಿಂಗಳಿಗೆ ಮೂರ್ನಾಲ್ಕು ಸಲ ಹುಬ್ಬಿನ ಮೇಲೆ, ಕೆನ್ನೆಯ ಹತ್ತಿರ ನೋವು ಬರುತ್ತೆ, ಮೂಗೂ ಸೋರುತ್ತೆ. ಸೈನಸ್ ಅಂತ ಎರಡು ವರ್ಷದಲ್ಲಿ ನಾಲ್ಕು ಸಲ ಆಂಟಿಬಯಾಟಿಕ್ ಕೊಟ್ಟರು. ವಾಂತಿಯಾದರೆ ಹಗುರ ಆಗುತ್ತೆ, ಅದಕ್ಕೆ ಅಮ್ಮ ‘ಪಿತ್ತ’ ಅಂತಾರೆ. ಯಾವುದು ಸರಿ?
— ವಿಜಯನಗರ

ಉತ್ತರ: ಇದು ಮೈಗ್ರೇನ್, ಅಂದರೆ ಅರೆತಲೆನೋವು, ಇರುವ ಸಾಧ್ಯತೆಯೇ ಹೆಚ್ಚು. ಮೈಗ್ರೇನ್‌ನಲ್ಲಿ ಕೆರಳುವ ಟ್ರೈಜಮಿನಲ್ ನರದ ಕವಲುಗಳು ಹಣೆ, ಕಣ್ಣು, ಕೆನ್ನೆಗೆ ಹರಡಿಕೊಂಡಿವೆ. ಅದು ಕೆರಳಿದಾಗ ಮೂಗು ಸೋರುವುದು, ಕಣ್ಣಲ್ಲಿ ನೀರು ಬರುವುದು ಸಾಮಾನ್ಯ. ನಿಜವಾದ ಸೈನಸ್ ಸೋಂಕಿನಲ್ಲಿ ಸಿಂಬಳ ದಪ್ಪಗೆ, ಹಳದಿ ಇಲ್ಲವೇ ಹಸಿರಾಗಿರುತ್ತದೆ, ವಾಸನೆ ತಿಳಿಯುವುದಿಲ್ಲ, ಜ್ವರವೂ ಇರಬಹುದು. ಅದು ಒಂದೇ ದಿನ ಬಂದು ಹೋಗಿ, ಹತ್ತು ದಿನ ಬಿಟ್ಟು ಮತ್ತೆ ಬರುವ ಜಾಯಮಾನದ್ದಲ್ಲ. ಹಾಗಾದರೆ ಆಂಟಿಬಯಾಟಿಕ್‌ನಿಂದ ಗುಣವಾಯಿತಲ್ಲ ಎನ್ನಬಹುದು. ಔಷಧಿ ಇಲ್ಲದೆಯೂ ಮೈಗ್ರೇನ್ 4ರಿಂದ 72 ಗಂಟೆಯಲ್ಲಿ ಇಳಿಯುತ್ತದೆ. ಮೂರನೇ ದಿನ ತಾನಾಗಿ ಹೋದ ನೋವಿನ ಕೀರ್ತಿ ಆ ಕ್ಯಾಪ್ಸೂಲ್‌ಗೆ ಸಿಕ್ಕಿದೆ, ಅಷ್ಟೆ.

ವೈದ್ಯರು ನೋಡುವುದು ಇದನ್ನು: ನೋವು ಒಂದು ಪಕ್ಕಕ್ಕಿದೆಯೇ, ನಾಡಿಯಂತೆ ಬಡಿಯುತ್ತದೆಯೇ, ಕೆಲಸ ನಿಲ್ಲಿಸುವಷ್ಟು ಜೋರೇ, ಮೆಟ್ಟಿಲು ಹತ್ತಿದರೆ ಹೆಚ್ಚುತ್ತದೆಯೇ. ಈ ನಾಲ್ಕರಲ್ಲಿ ಎರಡು ಇರಬೇಕು. ಜೊತೆಗೆ ವಾಕರಿಕೆ–ವಾಂತಿ, ಇಲ್ಲವೇ ಬೆಳಕು ಮತ್ತು ಸದ್ದು ಎರಡೂ ಸಹಿಸಲಾಗದಿರುವುದು. ಇಂಥದ್ದು ಐದು ಸಲವಾದರೂ ಬಂದಿರಬೇಕು. ‘ಅರೆ’ ಎಂಬ ಹೆಸರಿದ್ದರೂ ಎರಡೂ ಪಕ್ಕ ನೋಯುವವರು ಬೇಕಾದಷ್ಟು ಜನ.

ಅಮ್ಮ ಕಂಡದ್ದೂ ಸುಳ್ಳಲ್ಲ. ಮೈಗ್ರೇನ್ ಹಿಡಿದಾಗ ಹೊಟ್ಟೆಯ ಚಲನೆ ನಿಧಾನವಾಗುತ್ತದೆ. ಬೆಳಗಿನ ತಿಂಡಿಯೂ ನುಂಗಿದ ಮಾತ್ರೆಯೂ ಅಲ್ಲೇ ಕೂರುತ್ತವೆ. ‘ಮಾತ್ರೆ ಕೆಲಸ ಮಾಡಲ್ಲ’ ಎನ್ನುವ ಅರ್ಧ ಪತ್ರಗಳ ಹಿಂದಿರುವುದು ಇದೇ. ತಡೆದು ನೋಡೋಣ ಎಂದು ಎರಡು ಗಂಟೆ ಕಾದು ನುಂಗಿದರೆ ಅದು ಕರುಳು ಸೇರುವ ಹೊತ್ತಿಗೆ ನೋವು ನೆತ್ತಿಗೇರಿರುತ್ತದೆ. ನೋವು ಇನ್ನೂ ಸಣ್ಣಗಿರುವಾಗಲೇ, ಪೂರ್ತಿ ಡೋಸ್ ತೆಗೆದುಕೊಳ್ಳಿ: ಪ್ಯಾರಾಸಿಟಮಾಲ್ 1000 ಮಿ.ಗ್ರಾಂ, ಅಥವಾ ಐಬುಪ್ರೊಫೆನ್ 400, ಅಥವಾ ನ್ಯಾಪ್ರಾಕ್ಸೆನ್ 500. ಮಾತ್ರೆಯನ್ನು ಅರ್ಧ ಮುರಿದು ನುಂಗುವ ಉಳಿತಾಯ ಇಲ್ಲಿ ಬೇಡ. ವಾಕರಿಕೆ ಇದ್ದರೆ ಹೊಟ್ಟೆಯಲ್ಲಿದ್ದದ್ದನ್ನು ಮುಂದೆ ತಳ್ಳುವ ಡೊಂಪೆರಿಡೋನ್ ಸೇರಿಸಿ ಕೊಡುವಂತೆ ವೈದ್ಯರನ್ನು ಕೇಳಿ.

ಪ್ರಶ್ನೆ: ವಯಸ್ಸು 29, ಐಟಿ ಕೆಲಸ. ಮೊದಲು ಒಂದು ಮಾತ್ರೆ ಸಾಕಾಗ್ತಿತ್ತು. ಈಗ ಬೆಳಗ್ಗೆ ಏಳುವಾಗಲೇ ನೋವು, ಹೆಚ್ಚು ಕಮ್ಮಿ ದಿನಾ ಒಂದೆರಡು ಬೇಕು. ನರರೋಗ ತಜ್ಞರು ರಾತ್ರಿ ಹೊತ್ತಿಗೆ ಬೇರೆ ಮಾತ್ರೆ ಬರೆದರು. ಎರಡು ವಾರ ತಗೊಂಡೆ, ಏನೂ ಆಗಲಿಲ್ಲ, ಬಿಟ್ಟೆ.
— ಮಾರತ್ತಹಳ್ಳಿ

ಉತ್ತರ: ಇಲ್ಲಿ ಎರಡು ಗಂಟುಗಳಿವೆ. ಮೊದಲನೆಯದು, ನೋವಿನ ಮಾತ್ರೆಯೇ ನೋವು ತರುತ್ತಿರುವುದು. ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂಥ ಒಂಟಿ ಮಾತ್ರೆಗಳನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಕೆಫೀನ್ ಬೆರೆತ ಮಿಶ್ರ ಮಾತ್ರೆ, ಮೈಗ್ರೇನ್‌ಗೆಂದೇ ಕೊಡುವ ಎರ್ಗಾಟಮಿನ್ ಮತ್ತು (ಸುಮಾಟ್ರಿಪ್ಟಾನ್‌ನಂಥ) ಟ್ರಿಪ್ಟಾನ್, ಬಲವಾದ ನೋವಿನ ಮಾತ್ರೆ ಟ್ರಾಮಡಾಲ್‌ಗಳನ್ನು 10 ದಿನ ಅಥವಾ ಹೆಚ್ಚು, ಹೀಗೆ ಮೂರು ತಿಂಗಳು ದಾಟಿದರೆ ಮಿದುಳು ಅದಕ್ಕೆ ಒಗ್ಗಿಕೊಂಡು, ಮಾತ್ರೆ ಇಳಿದ ಕೂಡಲೇ ನೋವು ಎಬ್ಬಿಸುತ್ತದೆ. ಬೆಳಗ್ಗೆ ಏಳುವಾಗಲೇ ನೋವು ಎಂಬುದು ಅದರ ಗುರುತುಗಳಲ್ಲಿ ಒಂದು.

ಇಲ್ಲಿ ಎಣಿಸಬೇಕಾದದ್ದು ದಿನಗಳನ್ನು. ಒಂದೇ ದಿನ ಮೂರು ನುಂಗಿದರೂ ಅದು ಒಂದು ದಿನ. ಹದಿನೈದು ದಿನ ಅರ್ಧರ್ಧ ನುಂಗಿದರೂ ಅದು ಹದಿನೈದೇ. ಮೊಬೈಲ್ ಆ್ಯಪ್ ಇದ್ದರೆ ಸರಿ, ಆದರೆ ನಮಗೆ ಅಡುಗೆಮನೆಯ ಗೋಡೆ ಕ್ಯಾಲೆಂಡರ್ ಮೇಲೇ ನಂಬಿಕೆ. ಹಾಲಿನ ಲೆಕ್ಕ ಬರೆಯುವ ಅದೇ ಚೌಕದಲ್ಲಿ ನೋವಿದ್ದ ದಿನಕ್ಕೆ ‘ನೋ’, ಮಾತ್ರೆ ನುಂಗಿದ ದಿನಕ್ಕೆ ‘ಮಾ’, ಮುಟ್ಟಿನ ಮೊದಲ ದಿನಕ್ಕೆ ಒಂದು ಸೊನ್ನೆ. ಏಕಾದಶಿ, ಸಂಕಷ್ಟಿಯ ಉಪವಾಸದ ದಿನಗಳು ಅದರಲ್ಲೇ ಅಚ್ಚಾಗಿರುತ್ತವೆ. ‘ಮಾ’ ವಾರಕ್ಕೆ ಎರಡು ದಾಟದಿರಲಿ.

ಬಿಡುವುದು ಹೇಗೆ? ಮಾಮೂಲಿ ನೋವಿನ ಮಾತ್ರೆ, ಟ್ರಿಪ್ಟಾನ್‌ಗಳನ್ನು ಒಮ್ಮೆಗೇ ನಿಲ್ಲಿಸಬಹುದು. ಟ್ರಾಮಡಾಲ್, ಕೋಡೀನ್, ನಿದ್ದೆ ಮಾತ್ರೆಗಳನ್ನು ಮಾತ್ರ ವೈದ್ಯರ ನಿಗಾದಲ್ಲಿ ಇಳಿಸುತ್ತಾ ಬರಬೇಕು. ನಿಲ್ಲಿಸಿದ ಮೇಲೆ 2ರಿಂದ 10 ದಿನ ತಲೆನೋವು ಹೆಚ್ಚಾಗುತ್ತದೆ, ವಾಂತಿ, ನಿದ್ದೆಗೆಡುವುದು ಎಲ್ಲ ಉಂಟು. ಹೆಚ್ಚಿನವರು ಸೋಲುವುದು ಮೂರನೇ ದಿನ, ‘ನೋಡಿ, ಬಿಟ್ಟರೆ ಜಾಸ್ತಿಯೇ ಆಯಿತು’ ಎಂದುಕೊಂಡು. ಪ್ರಾಜೆಕ್ಟ್ ಡೆಡ್‌ಲೈನ್ ಇರುವ ವಾರ ಶುರು ಮಾಡಬೇಡಿ, ಒಂದು ವಾರ ರಜೆ ಹಾಕಿ. ಆ ವಾರ ಕಾಫಿಯನ್ನೂ ಜೊತೆಗೇ ಬಿಡುವ ಶಪಥ ಮಾಡಬೇಡಿ. ಮಿಶ್ರ ಮಾತ್ರೆಯ ಕೆಫೀನ್ ನಿಂತಿರುತ್ತದೆ. ಕಾಫಿಯೂ ನಿಂತರೆ ಎರಡು ತಲೆನೋವು ಒಟ್ಟಿಗೆ. ದಿನಕ್ಕೆ ಎರಡು ಲೋಟವಾದರೆ ಎರಡೇ, ಅದೂ ಅದೇ ಹೊತ್ತಿಗೆ.

ಎರಡನೇ ಗಂಟು, ರಾತ್ರಿ ಮಾತ್ರೆ. ಅದು ನೋವು ಇಳಿಸುವುದಲ್ಲ, ಬರುವುದನ್ನು ಕಡಿಮೆ ಮಾಡುವುದು. ಸರಿಯಾದ ಡೋಸ್ ಮುಟ್ಟಿದ ಮೇಲೆ 8ರಿಂದ 12 ವಾರ ಬೇಕು. ಎರಡು ವಾರದಲ್ಲಿ ನಿಮಗೆ ಸಿಕ್ಕಿದ್ದು ಅದರ ಅಡ್ಡಪರಿಣಾಮ ಮಾತ್ರ. ಇಂಥ ತಡೆಯುವ ಮಾತ್ರೆಗಳಲ್ಲಿ ಅಮಿಟ್ರಿಪ್ಟಿಲಿನ್ 10 ಮಿ.ಗ್ರಾಂನಿಂದ ಶುರುವಾಗುತ್ತದೆ, ಬಾಯಿ ಒಣಗುವುದು, ಬೆಳಗಿನ ಮಂಪರು ಇರುತ್ತದೆ, ಮಲಗುವ ಹೊತ್ತಿನ ಬದಲು ರಾತ್ರಿ ಎಂಟು ಗಂಟೆಗೇ ನುಂಗಿದರೆ ಮಂಪರು ಕಮ್ಮಿ. ಫ್ಲುನಾರಿಜಿನ್ 5–10 ಮಿ.ಗ್ರಾಂ ತೂಕ ಹೆಚ್ಚಿಸುತ್ತದೆ, ಕೆಲವರಿಗೆ ಮನಸ್ಸು ಕುಗ್ಗುತ್ತದೆ. ಪ್ರೊಪ್ರನಲಾಲ್ ಆಸ್ತಮಾ ಇರುವವರಿಗೆ ಆಗದು, ಅದನ್ನು ಥಟ್ಟನೆ ನಿಲ್ಲಿಸಲೂಬಾರದು. ಟೋಪಿರಮೇಟ್ 25 ಮಿ.ಗ್ರಾಂನಿಂದ ವಾರವಾರ ಏರುತ್ತದೆ. ಬೆರಳು ಜುಮ್ಮೆನ್ನುವುದು, ಮಾತಾಡುವಾಗ ಪದ ಸಿಗದಿರುವುದು ಅದರ ಲಕ್ಷಣ. ಚೆನ್ನಾಗಿ ನೀರು ಕುಡಿಯದಿದ್ದರೆ ಕಿಡ್ನಿಯಲ್ಲಿ ಕಲ್ಲೂ ಆಗಬಹುದು. ಮಗು ಬೇಕೆಂದಿರುವ ಹೆಣ್ಣುಮಕ್ಕಳಿಗೆ ಇದೂ ಬೇಡ, ಇದೇ ಗುಂಪಿನ ಇನ್ನೊಂದು ಮಾತ್ರೆ ವಾಲ್‌ಪ್ರೊಯೇಟ್ ಖಂಡಿತ ಬೇಡ. ಮೂರು ತಿಂಗಳಲ್ಲಿ ‘ನೋ’ ದಿನಗಳು ಅರ್ಧಕ್ಕಿಳಿದರೆ ಮಾತ್ರೆ ಗೆದ್ದಂತೆ. ಪೂರ್ತಿ ಮಾಯವಾಗಲಿಲ್ಲ ಎಂದು ಬಿಡಬೇಡಿ.

ಪ್ರಶ್ನೆ: ಸುಮಾಟ್ರಿಪ್ಟಾನ್ ಒಂದು ಸಲ ನುಂಗಿದೆ, ಎದೆ ಬಿಗಿದಂತಾಯಿತು. ಹೆದರಿ ಬಿಟ್ಟೆ.
— ಕೆಂಗೇರಿ

ಉತ್ತರ: ಕತ್ತು, ಎದೆ ಸ್ವಲ್ಪ ಹೊತ್ತು ಬಿಗಿಯುವುದು ಈ ಮಾತ್ರೆಗೆ ಗೊತ್ತಿರುವ ಪರಿಣಾಮ, ಸಾಮಾನ್ಯವಾಗಿ ಹೃದಯದ್ದಲ್ಲ. ಆದರೂ ವೈದ್ಯರಿಗೆ ಹೇಳದೆ ಎರಡನೇ ಸಲ ಬೇಡ. ಹೃದಯದ ಕಾಯಿಲೆ, ಪಾರ್ಶ್ವವಾಯು ಆಗಿದ್ದವರಿಗೆ, ಹತೋಟಿಗೆ ಬಾರದ ಬಿಪಿ ಇರುವವರಿಗೆ ಟ್ರಿಪ್ಟಾನ್ ಸಲ್ಲದು. ಡೋಸ್ 50 ಅಥವಾ 100 ಮಿ.ಗ್ರಾಂ. ನೋವು ಇಳಿದು ಮತ್ತೆ ಬಂದರೆ ಎರಡು ಗಂಟೆ ಬಿಟ್ಟು ಇನ್ನೊಂದು, 24 ಗಂಟೆಯಲ್ಲಿ 200 ದಾಟಬಾರದು. ಮೊದಲನೆಯದು ಕೆಲಸವನ್ನೇ ಮಾಡದಿದ್ದರೆ ಅದೇ ನೋವಿಗೆ ಎರಡನೆಯದು ದಂಡ. ಎರ್ಗಾಟಮಿನ್ ಮಾತ್ರೆ ನುಂಗಿ 24 ಗಂಟೆ ಆಗುವವರೆಗೆ ಇದನ್ನು ಮುಟ್ಟಲೇಬಾರದು. ಮೆಡಿಕಲ್ ಶಾಪ್‌ನಲ್ಲಿ ‘ಮೈಗ್ರೇನ್‌ಗೆ ಏನಾದರೂ ಕೊಡಿ’ ಎಂದು ಕೇಳಿ ತರುವವರಿಗೆ ಇಲ್ಲೇ ಅಪಾಯ.

ಪ್ರಶ್ನೆ: ಆಸ್ಪತ್ರೆಯಲ್ಲಿ ಎರಡು ಗಂಟೆ ಕಾದು ಐದು ನಿಮಿಷ ಸಿಕ್ಕಿತು. ‘ಟೆನ್ಷನ್ ಕಮ್ಮಿ ಮಾಡ್ಕೊಳಮ್ಮ’ ಅಂದರು. ಸ್ಕ್ಯಾನಿಂಗ್ ಕೂಡ ಬರೆಯಲಿಲ್ಲ.
— ಯಶವಂತಪುರ

ಉತ್ತರ: ಆ ಮಾತು ತಪ್ಪು. ಮೈಗ್ರೇನ್ ಮಿದುಳಿನ ಕಾಯಿಲೆ. ಟೆನ್ಷನ್ ಅದನ್ನು ಕೆರಳಿಸಬಹುದು, ಹುಟ್ಟಿಸುವುದಿಲ್ಲ. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ನಡೆಸಿದ, 2015ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಸುಮಾರು ಶೇ 25ರಷ್ಟು ವಯಸ್ಕರಿಗೆ ಒಂದು ವರ್ಷದೊಳಗೆ ಮೈಗ್ರೇನ್ ಕಾಡಿತ್ತು. ನಾಲ್ವರಲ್ಲಿ ಒಬ್ಬರಿಗಿರುವುದನ್ನು ‘ನಿಮ್ಮ ಸ್ವಭಾವ’ ಎನ್ನುವುದು ನ್ಯಾಯವಲ್ಲ.

ಸ್ಕ್ಯಾನ್ ಬರೆಯದಿದ್ದದ್ದು ಮಾತ್ರ ಸರಿಯಿರಬಹುದು. ಮೈಗ್ರೇನ್ ಸ್ಕ್ಯಾನಿನಲ್ಲಿ ಕಾಣುವುದಿಲ್ಲ. ಅದು ಬೇಕಾಗುವುದು ಇಂಥ ಕಡೆ: ಒಂದೇ ನಿಮಿಷದಲ್ಲಿ ಸಿಡಿಲಿನಂತೆ ಬಂದ ನೋವು, 50 ದಾಟಿದ ಮೇಲೆ ಹೊಸದಾಗಿ ಶುರುವಾದದ್ದು, ಜ್ವರದ ಜೊತೆ ಕತ್ತು ಬಗ್ಗದಿರುವುದು, ಕೈಕಾಲು ಸೋಲುವುದು, ತಲೆಗೆ ಪೆಟ್ಟು ಬಿದ್ದ ನಂತರದ್ದು, ಬಸುರಿ–ಬಾಣಂತಿಯರಿಗೆ ಹೊಸದಾಗಿ ಬಂದದ್ದು, ಮಲಗಿದರೆ ಅಥವಾ ಕೆಮ್ಮಿದರೆ ಹೆಚ್ಚುವುದು.

ಐದು ನಿಮಿಷವನ್ನು ನೀವೇ ಆಳಬೇಕು. ಅರ್ಧ ಹಾಳೆಯಲ್ಲಿ ಬರೆದು ಮೇಜಿನ ಮೇಲಿಡಿ: ‘ಮೂರು ತಿಂಗಳಲ್ಲಿ ನೋವು 11, 14, 9 ದಿನ. ಮಾತ್ರೆ 8, 12, 7 ದಿನ. ಮಲಗಲೇಬೇಕಾದ ದಿನ 4. ಹಿಂದೆ ತೆಗೆದುಕೊಂಡದ್ದು: ಫ್ಲುನಾರಿಜಿನ್ 10, ಆರು ವಾರ, ತೂಕ ಹೆಚ್ಚಾಯಿತು, ಬಿಟ್ಟೆ.’ ಡೋಸ್, ಎಷ್ಟು ವಾರ, ಯಾಕೆ ಬಿಟ್ಟೆ — ಈ ಮೂರು ಇಲ್ಲದ ‘ಎಲ್ಲಾ ಮಾತ್ರೆ ಆಯ್ತು ಡಾಕ್ಟ್ರೇ’ ಎಂಬ ಮಾತಿನಿಂದ ಯಾರಿಗೂ ಉಪಯೋಗವಿಲ್ಲ. ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೋಗುವುದಾದರೂ ಈ ಹಾಳೆ, ಹಳೆಯ ಚೀಟಿಗಳು, ಮಾತ್ರೆಯ ಖಾಲಿ ಸ್ಟ್ರಿಪ್‌ಗಳು ಜೊತೆಗಿರಲಿ. ರಾತ್ರಿ ತುರ್ತು ಚಿಕಿತ್ಸೆಗೆ ಓಡಿದರೆ ಅಂದು ಏನು ನುಂಗಿದ್ದೀರಿ, ಎಷ್ಟು ಗಂಟೆಗೆ ಎಂದು ಮೊದಲು ಹೇಳಿ. ಅದೇ ಗುಂಪಿನ ಇಂಜೆಕ್ಷನ್ ಮತ್ತೆ ಬೀಳುವುದು ತಪ್ಪುತ್ತದೆ.

ಪ್ರಶ್ನೆ: ಸಂಕಷ್ಟಿ ದಿನ, ತಲೆಸ್ನಾನದ ದಿನ ನೋವು ಗ್ಯಾರಂಟಿ. ಸಿಹಿ ತಿಂದರೂ ಬರುತ್ತೆ.
— ಬಸವನಗುಡಿ

ಉತ್ತರ: ಸಂಕಷ್ಟಿಯಲ್ಲಿ ಚಂದ್ರ ಕಾಣುವವರೆಗೆ ಊಟವಿಲ್ಲ, ಹಲವರು ಕಾಫಿಯನ್ನೂ ಬಿಡುತ್ತಾರೆ. ಹಸಿವು, ಕಾಫಿ ಬಿಟ್ಟದ್ದು ಎರಡೂ ಸೇರಿ ಕೆಡಿಸುತ್ತವೆ. ಹಣ್ಣು, ಮಜ್ಜಿಗೆ, ಮಾಮೂಲಿ ಕಾಫಿ ಇಟ್ಟುಕೊಂಡು ವ್ರತ ಮಾಡಿ, ಗಣಪತಿ ಮುನಿಯುವುದಿಲ್ಲ. ತಲೆಸ್ನಾನದಿಂದ ಬರುವ ಮೈಗ್ರೇನನ್ನು ನಮ್ಮ ದೇಶದ ವೈದ್ಯರು ದಾಖಲಿಸಿದ್ದಾರೆ. ತಿಂಡಿ ತಿಂದು ಸ್ನಾನ ಮಾಡಿ, ಕೂದಲನ್ನು ಒದ್ದೆಯಾಗಿ ಕಟ್ಟಬೇಡಿ, ಸಂಕಷ್ಟಿ ದಿನವೇ ತಲೆಗೆ ನೀರು ಹಾಕಿಕೊಳ್ಳಬೇಡಿ. ಸಿಹಿಯ ಮೇಲೆ ನಮಗೆ ಅನುಮಾನವಿದೆ. ನೋವಿಗೆ ಕೆಲವು ಗಂಟೆ ಮೊದಲೇ ಆಕಳಿಕೆ, ಸಿಡುಕು, ಸಿಹಿಯ ಆಸೆ ಬರುತ್ತದೆ. ಹೋಳಿಗೆ ಕೇಳಿದ್ದೇ ಮೈಗ್ರೇನ್ ಇರಬಹುದು.

ಪ್ರಶ್ನೆ: ವಯಸ್ಸು 31. ನೋವಿಗೆ ಮೊದಲು ಕಣ್ಣ ಮುಂದೆ ಅಂಕುಡೊಂಕು ಬೆಳಕು, 20 ನಿಮಿಷ. ಪಿಸಿಓಡಿಗೆ (ಅಂಡಾಶಯದ ಹಾರ್ಮೋನ್ ತೊಂದರೆ) ಹಾರ್ಮೋನ್ ಮಾತ್ರೆ ತಗೊಳ್ತಿದ್ದೀನಿ. ತೊಂದರೆ ಇದೆಯಾ?
— ಜೆ.ಪಿ. ನಗರ

ಉತ್ತರ: ಇದೆ. ಆ ಬೆಳಕನ್ನು ಆರಾ ಎನ್ನುತ್ತಾರೆ. ಆರಾ ಇರುವ ಮೈಗ್ರೇನ್‌ನಲ್ಲಿ ಪಾರ್ಶ್ವವಾಯುವಿನ ಅಪಾಯ ಸ್ವಲ್ಪ ಹೆಚ್ಚು, ಈಸ್ಟ್ರೋಜನ್ ಇರುವ ಮಾತ್ರೆ ಅದನ್ನು ಇನ್ನೂ ಹೆಚ್ಚಿಸುತ್ತದೆ, ಸಿಗರೇಟು ಸೇರಿದರೆ ಮತ್ತಷ್ಟು. ಪಿಸಿಓಡಿಗೆ ಬರೆಯುವ 21 ಅಥವಾ 28ರ ಪಟ್ಟಿಗಳಲ್ಲಿ ಹೆಚ್ಚಿನವು ಈಸ್ಟ್ರೋಜನ್ ಇರುವಂಥವೇ. ಸ್ಟ್ರಿಪ್ ತಿರುಗಿಸಿ ‘ಎಥಿನೈಲ್ ಈಸ್ಟ್ರಾಡಯೋಲ್’ ಎಂದಿದೆಯೇ ನೋಡಿ. ಇದ್ದರೆ ಇವತ್ತೇ ಸ್ತ್ರೀರೋಗ ತಜ್ಞರಿಗೆ ಫೋನ್ ಮಾಡಿ. ‘ತಲೆನೋವಿದೆ’ ಎಂದರೆ ಸಾಲದು, ‘ಆರಾ ಇದೆ’ ಎಂದೇ ಹೇಳಿ. ಈಸ್ಟ್ರೋಜನ್ ಇಲ್ಲದೆ ಪ್ರೊಜೆಸ್ಟಿನ್ ಎಂಬ ಹಾರ್ಮೋನ್ ಮಾತ್ರ ಇರುವ ಬೇರೆ ದಾರಿಗಳಿವೆ.

ಆರಾ ನಿಧಾನವಾಗಿ ಹರಡುತ್ತದೆ, 5ರಿಂದ 60 ನಿಮಿಷದಲ್ಲಿ ಹೋಗುತ್ತದೆ. ಥಟ್ಟನೆ ದೃಷ್ಟಿ ಹೋದರೆ, ಬಾಯಿ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಆರಾ ಎಂದುಕೊಂಡು ಕಾಯಬೇಡಿ, 108ಕ್ಕೆ ಕರೆ ಮಾಡಿ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಇರುವುದು ಮೊದಲ ನಾಲ್ಕೂವರೆ ಗಂಟೆ, ಅದರಲ್ಲಿ ನಮ್ಮೂರಿನ ಟ್ರಾಫಿಕ್ಕೂ ಸೇರಿದೆ.