ಸೋಡಾರ್ ಚಿತ್ರದ ಕಪ್ಪು ಪಟ್ಟಿ ಹೇಳುವುದೇನು?

ಪ್ರಶ್ನೆ: ನಾನು ಪರಿಸರ ವಿಜ್ಞಾನದ ವಿದ್ಯಾರ್ಥಿನಿ. ಮೇಲಕ್ಕೆ ಶಬ್ದ ಕಳುಹಿಸಿ ಗಾಳಿಯನ್ನು ಅಭ್ಯಸಿಸುವ ಸೋಡಾರ್ ಯಂತ್ರದ ಚಿತ್ರಗಳನ್ನು ನೋಡಿದೆ. ಗಾಳಿ ಬೀಸದ ಶಾಂತ ರಾತ್ರಿಯಲ್ಲಿ 200 ಮೀಟರ್ ಎತ್ತರದಲ್ಲಿ ದಟ್ಟ ಕಪ್ಪು ಪಟ್ಟಿ ಇದೆ. ಮೋಡ ಕವಿದು ಗಾಳಿ ಜೋರಾಗಿ ಬೀಸಿದ ದಿನ ಚಿತ್ರ ಬಹುತೇಕ ಖಾಲಿ. ಚಿತ್ರ ತೋರಿಸುವುದು ಗಾಳಿಯ ಕಲಕಾಟವನ್ನಾದರೆ ಇದು ತಿರುಗುಮುರುಗಾಗಬೇಕಿತ್ತಲ್ಲವೇ? ಅಷ್ಟಕ್ಕೂ ಬರಿಯ ಗಾಳಿಗೆ ತಾಗಿ ಶಬ್ದ ಮರಳುವುದು ಹೇಗೆ?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಉಳಿದದ್ದರ ಗುಟ್ಟು ಅದರಲ್ಲೇ ಇದೆ.

ಗಾಳಿಯ ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಹೆಚ್ಚುತ್ತದೆ. ಹಾಗಾಗಿ ಬೆಚ್ಚನೆಯ ಗಾಳಿಯೂ ತಣ್ಣನೆಯ ಗಾಳಿಯೂ ಕಲಸಿಕೊಳ್ಳುತ್ತಿರುವ ಕಡೆ ಶಬ್ದ ಚದುರುತ್ತದೆ, ಅದರ ಅತ್ಯಲ್ಪ ಪಾಲು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. 2000 ಹರ್ಟ್ಜ್ ಶಬ್ದದ ತರಂಗದೂರ ಸುಮಾರು 17 ಸೆಂಟಿಮೀಟರ್. ಅದರ ಅರ್ಧದಷ್ಟು, ಅಂದರೆ ಅಂಗೈ ಅಗಲದ ಏರುಪೇರುಗಳು ಮಾತ್ರ ನಮಗೆ ಓಗೊಡುತ್ತವೆ. ಬ್ರಿಟನ್ನಿನ ವಿಜ್ಞಾನಿ ಜಾನ್ ಟಿಂಡಲ್ 1870ರ ದಶಕದಲ್ಲಿ ಕಡಲ ತೀರದಲ್ಲಿ ಮಂಜು ಕವಿದಾಗ ಹಡಗುಗಳನ್ನು ಎಚ್ಚರಿಸುವ ಕಹಳೆಗಳನ್ನು ಪರೀಕ್ಷಿಸುತ್ತಿದ್ದಾಗ, ತಿಳಿಯಾದ ಗಾಳಿಯಿಂದಲೇ ಪ್ರತಿಧ್ವನಿ ಬಂದದ್ದನ್ನು ಕೇಳಿ ಕಣ್ಣಿಗೆ ಕಾಣದ ‘ಶಬ್ದದ ಮೋಡ’ಗಳಿವೆ ಎಂದಿದ್ದರು. ಅದು ಉಪಕರಣದ ರೂಪ ತಳೆದು ಜನಪ್ರಿಯವಾಗಲು 1960ರ ದಶಕದ ಕೊನೆಯವರೆಗೆ, ಆಸ್ಟ್ರೇಲಿಯಾದ ಮೆಕ್‌ಆಲಿಸ್ಟರ್ ಅವರ ಪ್ರಯೋಗಗಳವರೆಗೆ ಕಾಯಬೇಕಾಯಿತು.

ಈಗ ನಿಮ್ಮ ಕಪ್ಪು ಪಟ್ಟಿಗೆ ಬರೋಣ. ಚಿತ್ರದಲ್ಲಿ ಕಪ್ಪು ದಟ್ಟವಾಗಿದ್ದರೆ ಅಲ್ಲಿಂದ ಬಂದ ಪ್ರತಿಧ್ವನಿ ಗಟ್ಟಿ ಎಂದರ್ಥ. ಗಾಳಿಯ ಕಲಕಾಟದಲ್ಲಿ ವೇಗವೂ ಏರಿಳಿಯುತ್ತದೆ, ಉಷ್ಣತೆಯೂ ಏರಿಳಿಯುತ್ತದೆ. ಎರಡೂ ಶಬ್ದವನ್ನು ಚದುರಿಸುತ್ತವೆ. ಆದರೆ ಟಟಾರ್ಸ್ಕಿ ಮೊದಲಾದ ಸೋವಿಯತ್ ವಿಜ್ಞಾನಿಗಳು ಬೆಳೆಸಿದ ಸಿದ್ಧಾಂತದ ಪ್ರಕಾರ, ನೇರವಾಗಿ ಹಿಂದಕ್ಕೆ ಮರಳುವ ಶಬ್ದದಲ್ಲಿ ವೇಗದ ಏರಿಳಿತಕ್ಕೆ ಪಾಲೇ ಇಲ್ಲ. ಕಳುಹಿಸುವುದೂ ಕೇಳುವುದೂ ಒಂದೇ ಜಾಗದಲ್ಲಿರುವ ಯಂತ್ರಕ್ಕೆ ಕಾಣುವುದು ಉಷ್ಣತೆಯ ಏರಿಳಿತ ಮಾತ್ರ.

ನೀರಿಗೆ ಒಂದು ಹನಿ ಶಾಯಿ ಬಿಟ್ಟು ಮೆಲ್ಲಗೆ ಅಲ್ಲಾಡಿಸಿ. ಎಳೆಎಳೆಯಾಗಿ ಸುಳಿಗಳು ಕಾಣುತ್ತವೆ. ರಭಸದಿಂದ ಕದಡುತ್ತಲೇ ಇದ್ದರೆ ನೀರೆಲ್ಲ ಒಂದೇ ಬಣ್ಣ. ಸುಳಿಗಳು ಆಗಲೂ ಇವೆ, ಕಾಣುವುದಿಲ್ಲ ಅಷ್ಟೆ. ರಾತ್ರಿ ನೆಲ ತಣಿದು ತಂಪು ಗಾಳಿಯ ಮೇಲೆ ಬೆಚ್ಚನೆಯ ಪದರ ಕೂತಾಗ ಅವೆರಡರ ಗಡಿಯಲ್ಲಿ ಸಣ್ಣ ಕದಲಿಕೆಯಾದರೂ ಪ್ರತಿಧ್ವನಿ ಗಟ್ಟಿಯಾಗಿರುತ್ತದೆ. ಮೋಡ ಕವಿದ ಬಿರುಗಾಳಿಯ ದಿನ ಕಲಕಾಟ ಎಷ್ಟೇ ಇದ್ದರೂ ಗಾಳಿ ಚೆನ್ನಾಗಿ ಬೆರೆತು, ಓಗೊಡಲು ವ್ಯತ್ಯಾಸವೇ ಉಳಿದಿರುವುದಿಲ್ಲ. ಈ ಚಿತ್ರಗಳನ್ನು ‘ಪ್ರಕ್ಷುಬ್ಧತೆಯ ನಕ್ಷೆ’, ಅಂದರೆ ಕಲಕಾಟದ ನಕ್ಷೆ, ಎಂದು ಕರೆಯುವುದು ನನಗಂತೂ ಒಪ್ಪಿಗೆಯಿಲ್ಲ.

ಪ್ರಕ್ಷುಬ್ಧತೆಯನ್ನು ಅಳೆಯಬೇಕೆಂದರೆ ಪ್ರತಿಧ್ವನಿಯ ಬಲವನ್ನು ಬಿಟ್ಟು ಅದರ ಸ್ವರವನ್ನು ಗಮನಿಸಬೇಕು. ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಮೇಲೇರುವ ಗಾಳಿ 2000 ಹರ್ಟ್ಜ್ ಶಬ್ದವನ್ನು ಸುಮಾರು 12 ಹರ್ಟ್ಜ್ ಇಳಿಸಿ ಮರಳಿಸುತ್ತದೆ. ಅರ್ಧ ಗಂಟೆಯ ಕಾಲ ಈ ಏರಿಳಿತವನ್ನು ಲೆಕ್ಕ ಹಾಕಿದರೆ ಗಾಳಿ ಎಷ್ಟು ಕುದಿಯುತ್ತಿದೆ ಎಂಬುದರ ಅಂದಾಜು ಸಿಗುತ್ತದೆ. ಶಬ್ದ ಕೇಳುವ ಭಾಗವನ್ನು ದೂರದಲ್ಲಿಟ್ಟು ಓರೆಯಾಗಿ ಚದುರಿದ ಶಬ್ದವನ್ನು ಹಿಡಿಯುವುದು ಇನ್ನೊಂದು ದಾರಿ, ಅಲ್ಲಿ ವೇಗದ ಸುಳಿಗಳೂ ದನಿಗೂಡಿಸುತ್ತವೆ.

ಯಂತ್ರದ ಪಕ್ಕದಲ್ಲಿ ನಿಂತು ನೋಡಿದವರಿಗೆ ಅದರ ಕಷ್ಟ ಗೊತ್ತು. ‘ಪೀಂ’ ಎಂದು ಕೂಗಿ ಸುಮ್ಮನಾಗುತ್ತದೆ. 500 ಮೀಟರ್ ಎತ್ತರದ ಉತ್ತರಕ್ಕೆ ಸುಮಾರು 3 ಸೆಕೆಂಡ್ ಕಾಯಬೇಕು. ಅಷ್ಟರಲ್ಲಿ ಒಂದು ಹಕ್ಕಿ ಕೂಗಿದರೆ, ಶಬ್ದ ಹಿಡಿಯುವ ತಟ್ಟೆಯ ಮೇಲೆ ನಾಲ್ಕು ಮಳೆಹನಿ ಬಿದ್ದರೆ ಆ ಉತ್ತರ ಮುಳುಗಿತು. ಆದ್ದರಿಂದ ಆ ಖಾಲಿ ದಿನದ ಲಂಬ ವೇಗದ ಅಂಕಿಗಳನ್ನು ಕೇಳಿ ಪಡೆಯಿರಿ, ಆದರೆ ಪ್ರತಿಧ್ವನಿ ತೀರಾ ಕ್ಷೀಣವಾದ ಎತ್ತರಗಳ ಅಂಕಿಗಳನ್ನು ಪಕ್ಕಕ್ಕಿಡಿ. ಅಲ್ಲಿ ದಾಖಲಾಗಿರುವುದು ಬಹುಪಾಲು ಯಂತ್ರದ ಗೋಡೆಗೆ ಬಡಿದ ಗಾಳಿಯ ಸದ್ದೇ.