ಬಿಟ್ಟು ಹೋದದ್ದು ಎಲ್ಲರಿಗೂ ಗೊತ್ತು, ಬಿಟ್ಟು ಬಂದದ್ದು?

ಇವರನ್ನು ಲಿಡಿಯಾ ಎಂದು ಕರೆಯೋಣ. ಹೆಸರನ್ನೂ ಗುರುತು ಹತ್ತುವಂಥ ವಿವರಗಳನ್ನೂ ಬದಲಿಸಿದ್ದೇನೆ. ಬರೆಯುವುದಕ್ಕೆ ಅವರ ಒಪ್ಪಿಗೆ ಇದೆ. ವಯಸ್ಸು ಐವತ್ತರ ಆಸುಪಾಸು, ಮದುವೆಯಾಗಿಲ್ಲ, ಓದಿದ್ದು ನರ್ಸಿಂಗ್. ಮಿಷನರಿಯಾಗಿ ಹೊರದೇಶದ ಗುಡ್ಡಗಾಡಿಗೆ ಹೋಗಿ ಹದಿನೇಳು ವರ್ಷ ಅಲ್ಲೊಂದು ಚಿಕ್ಕ ಆರೋಗ್ಯ ಕೇಂದ್ರವನ್ನು ನಡೆಸಿದವರು. ಒಂದು ವರ್ಷ ವೀಸಾ ನವೀಕರಣವಾಗಲಿಲ್ಲ. ಕಾರಣವನ್ನು ಯಾರೂ ಹೇಳಲಿಲ್ಲ. ಕೆಲವೇ ವಾರಗಳಲ್ಲಿ ಗಂಟುಮೂಟೆ ಕಟ್ಟಿಕೊಂಡು ಸ್ವದೇಶದಲ್ಲಿದ್ದ ತಮ್ಮನ ಮನೆಗೆ ಬಂದಿಳಿದರು. ಆಪ್ತಸಲಹೆಗೆಂದು ನನ್ನ ಬಳಿಗೆ ಬರುವ ಹೊತ್ತಿಗೆ ಏಳೆಂಟು ತಿಂಗಳು ಕಳೆದಿತ್ತು. ಕಳುಹಿಸಿದವರು ಅವರ ಚರ್ಚಿನ ಸಭಾಪಾಲಕರು, ಜೊತೆಗಿದ್ದ ಚೀಟಿಯಲ್ಲಿ ಒಂದೇ ಸಾಲು: "ಸಿಸ್ಟರ್ ಸ್ವಲ್ಪ ದಣಿದಿದ್ದಾರೆ."

ನನ್ನೆದುರು ಕುಳಿತವರಲ್ಲಿ ದಣಿವಿಗಿಂತ ಸಿಟ್ಟೇ ಎದ್ದು ಕಾಣುತ್ತಿತ್ತು. ತಮ್ಮನ ಮಕ್ಕಳು ದೀಪ ಆರಿಸದೆ ಹೊರಗೆ ಹೋದರೆ ಸಿಟ್ಟು. ಆರಾಧನೆ ಮುಗಿದ ಮೇಲೆ ಜನ ಹೊಸ ಕಾರಿನ ಬಣ್ಣದ ಬಗ್ಗೆ ಮಾತನಾಡಿದರೆ ಸಿಟ್ಟು. ರಾತ್ರಿ ಎರಡು ಗಂಟೆಗೆ ಎಚ್ಚರ, ಆಮೇಲೆ ನಿದ್ರೆಯಿಲ್ಲ. ಊಟ ಸೇರುತ್ತಿತ್ತು, ಆದರೆ ಊಟದ ಮುಂದೆ ಕುಳಿತಾಗ ಏನೋ ತಪ್ಪು ಮಾಡಿದಂಥ ಭಾವ. ಮೊದಲ ಭೇಟಿಯಲ್ಲಿ ಬಾಯಿ ಬಿಟ್ಟು ಅತ್ತದ್ದು ಬ್ಯಾಂಕಿನ ಒಂದು ಅರ್ಜಿಯ ವಿಷಯಕ್ಕೆ. ಹಳೆಯ ಖಾತೆಯನ್ನು ಮತ್ತೆ ಚಾಲ್ತಿಗೆ ತರಲು ಹೋಗಿದ್ದರಂತೆ. "ಉದ್ಯೋಗ" ಎಂಬ ಅಂಕಣದಲ್ಲಿ "ಮಿಷನರಿ" ಎಂದು ಬರೆದರು, ಹೊಡೆದುಹಾಕಿದರು. "ನರ್ಸ್" ಎಂದು ಬರೆದರು. ನೋಂದಣಿಯ ಅವಧಿ ಮುಗಿದು ಎಷ್ಟೋ ವರ್ಷಗಳಾಗಿವೆ ಎಂದು ನೆನಪಾಗಿ ಅದನ್ನೂ ಹೊಡೆದರು. ಕೌಂಟರಿನ ಹುಡುಗಿ ಪಾಪ, ಸಹಾಯ ಮಾಡಲೆಂದೇ, "ಗೃಹಿಣಿ ಎಂದು ಹಾಕಿ ಮೇಡಂ, ಪರವಾಗಿಲ್ಲ" ಎಂದಳು. ಅರ್ಜಿಯನ್ನು ಅಲ್ಲೇ ಬಿಟ್ಟು ಹೊರಗೆ ಬಂದರು.

ಇಂಥ ಪ್ರಕರಣದಲ್ಲಿ ಮೊದಲು ನೋಡಬೇಕಾದದ್ದು ಇದು ಖಿನ್ನತೆಯೇ ಎಂಬುದನ್ನು. ಎರಡು ವಾರಕ್ಕೂ ಮೀರಿ ದಿನದ ಬಹುಪಾಲು ಮಂಕು ಕವಿದಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ರೆ ಹಸಿವು ಏರುಪೇರಾಗುವುದು, ತಾನು ಯಾವುದಕ್ಕೂ ಬಾರದವಳು ಎಂಬ ಭಾವ, ಸಾವಿನ ಯೋಚನೆ: ಒಂದೊಂದನ್ನೂ ಬಿಡಿಸಿ ಕೇಳಿದೆ. ಸಾವಿನ ಬಗ್ಗೆ ಸುತ್ತುಬಳಸಿ ಕೇಳುವ ಪದ್ಧತಿ ನನ್ನದಲ್ಲ. "ಸಾಯಬೇಕು ಎನಿಸುವುದುಂಟೇ?" ಎಂದೆ. "ಇಲ್ಲ. ಏಳುವುದಕ್ಕೆ ಕಾರಣ ಸಿಗುವುದಿಲ್ಲ, ಅಷ್ಟೇ" ಎಂದರು. ಆ "ಅಷ್ಟೇ"ಯನ್ನು ಲಘುವಾಗಿ ಬಿಡುವಂತಿಲ್ಲ. ಹಾಗಾಗಿ ಪ್ರತಿ ಭೇಟಿಯಲ್ಲೂ ಅದನ್ನು ಮತ್ತೆ ಕೇಳಿದ್ದೇನೆ. ವೈದ್ಯರ ಬಳಿಗೂ ಕಳುಹಿಸಿದೆ: ಥೈರಾಯ್ಡ್, ರಕ್ತಹೀನತೆ, ಹೊರದೇಶದಲ್ಲಿ ಅಂಟಿಕೊಂಡು ಒಳಗೇ ಉಳಿದಿರಬಹುದಾದ ಸೋಂಕು, ಎಲ್ಲವನ್ನೂ ನೋಡಲಿ ಎಂದು. ಬಂದ ಕೂಡಲೇ ಆಗಬೇಕಿದ್ದ ತಪಾಸಣೆ ಅದು, ಯಾರೂ ಮಾಡಿಸಿರಲಿಲ್ಲ. ದೊಡ್ಡದೇನೂ ಸಿಗಲಿಲ್ಲ. ಔಷಧ ಬೇಕಾಗಲಿಲ್ಲ.

ಹೊರಗಿನಿಂದ ಮರಳಿದವರ ಕಷ್ಟಕ್ಕೆ ಪುಸ್ತಕಗಳಲ್ಲಿ ಒಂದು ಗೆರೆಯ ಚಿತ್ರ ಇದೆ. ಹೊಸ ದೇಶಕ್ಕೆ ಹೋದವನು ಮೊದಲು ಹಿಗ್ಗಿ, ಆಮೇಲೆ ಕುಗ್ಗಿ, ಕ್ರಮೇಣ ಮೇಲೇಳುತ್ತಾನೆ. ಸ್ವದೇಶಕ್ಕೆ ಬಂದ ಮೇಲೆ ಅದೇ ಇಳಿತ ಏರಿಕೆ ಮತ್ತೊಮ್ಮೆ ಆಗುತ್ತದೆ ಎಂದು 1963ರಲ್ಲಿ ಸಂಶೋಧಕರಾದ ಗಲ್ಲಾಹಾರ್ನ್ ದಂಪತಿ ಬರೆದರು. ಎರಡು ಇಳಿತಗಳಿರುವುದರಿಂದ ಅದಕ್ಕೆ ಡಬ್ಲ್ಯು ಗೆರೆ ಎಂದು ಹೆಸರು. ನಂತರದ ಅಧ್ಯಯನಗಳಲ್ಲಿ ಎಲ್ಲರೂ ಈ ಗೆರೆಯ ಮೇಲೆ ನಡೆದದ್ದು ಕಂಡಿಲ್ಲ. ನಾನಂತೂ ಅದನ್ನು ನನ್ನಲ್ಲಿಗೆ ಬಂದವರಿಗೆ ತೋರಿಸುವುದಿಲ್ಲ. "ಇನ್ನು ಆರು ತಿಂಗಳಿಗೆ ಸರಿಹೋಗುತ್ತದೆ" ಎಂಬ ಸಮಾಧಾನ ಆರು ತಿಂಗಳ ಮೇಲೆ ಬೈಗುಳವಾಗಿ ಕೇಳಿಸುತ್ತದೆ.

ನನಗೆ ಹೆಚ್ಚು ಕೆಲಸಕ್ಕೆ ಬಂದದ್ದು ಸಮಾಜಶಾಸ್ತ್ರಜ್ಞ ಆಲ್ಫ್ರೆಡ್ ಶೂಟ್ಸ್ 1945ರಲ್ಲಿ, ಯುದ್ಧದಿಂದ ಮರಳುತ್ತಿದ್ದ ಸೈನಿಕರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಮಾತು. ಮನೆಗೆ ಬಂದವನಿಗೆ ಯಾವ ಅನುಭವ ಮುಖ್ಯವೋ ಅದು ಮನೆಯವರ ಕಣ್ಣಿಗೆ ಬೀಳುವುದೇ ಇಲ್ಲ; ಅವರು ತಮ್ಮಲ್ಲಿ ಆಗಲೇ ಇರುವ ಅಚ್ಚಿಗೆ ಅವನನ್ನು ಹೊಯ್ದುಬಿಡುತ್ತಾರೆ ಎನ್ನುತ್ತಾನೆ ಅವನು. ಸೈನಿಕನಿಗೆ ವೀರನ ಅಚ್ಚು. ಲಿಡಿಯಾ ಅವರಿಗೆ ತ್ಯಾಗಮಯಿಯ ಅಚ್ಚು. ಬಂದ ಮೊದಲ ಭಾನುವಾರ ಚರ್ಚಿನ ಸಭೆಯಲ್ಲಿ ಸಾಕ್ಷಿ, ಅಂದರೆ ತಮ್ಮ ವಿಶ್ವಾಸದ ಅನುಭವ, ಹೇಳಲು ಅವರಿಗೆ ಹತ್ತು ನಿಮಿಷ ಕೊಟ್ಟರು, ಶಾಲು ಹೊದಿಸಿದರು, "ಎಲ್ಲವನ್ನೂ ಬಿಟ್ಟು ಹೋದವರು" ಎಂದು ಹೊಗಳಿದರು. ಲಿಡಿಯಾ ಅವರ ಲೆಕ್ಕದಲ್ಲಿ, ಹೋಗುವಾಗ ಬಿಟ್ಟದ್ದು ಅಂಥ ದೊಡ್ಡದೇನಲ್ಲ. ಹೆರಿಗೆ ಮಾಡಿಸಿ ಕೈಯಲ್ಲಿ ಎತ್ತಿಕೊಂಡ ಕೂಸುಗಳು ಶಾಲೆಗೆ ಹೋಗುವುದನ್ನು ನೋಡಿದ್ದು, ತನ್ನನ್ನು ಹುಡುಕಿಕೊಂಡು ನಡುರಾತ್ರಿ ಬಾಗಿಲು ತಟ್ಟುವ ಜನ, ಆ ಭಾಷೆ, ಆ ಚಳಿ: ಬರುವಾಗ ಬಿಟ್ಟದ್ದು ಇದು. ಇದಕ್ಕೆ ಯಾರೂ "ಅಯ್ಯೋ" ಎನ್ನಲಿಲ್ಲ. ಎಲ್ಲರೂ "ಸದ್ಯ, ಬಂದಿರಲ್ಲ" ಎಂದರು.

ಸುತ್ತಲಿನವರು ದುಃಖವೆಂದು ಒಪ್ಪದ ಈ ಬಗೆಯ ದುಃಖವನ್ನು ಸಂಶೋಧಕ ಕೆನೆತ್ ಡೋಕಾ 1989ರ ಹೊತ್ತಿಗೆ ವಿವರಿಸಿದ್ದಾರೆ. ಹಕ್ಕು ಇಲ್ಲದ ದುಃಖ ಹೊರಗೆ ಬರಲು ಬೇರೆ ವೇಷ ಹಾಕಿಕೊಳ್ಳುತ್ತದೆ. ಲಿಡಿಯಾ ಅವರಲ್ಲಿ ಅದು ದೀಪ ಆರಿಸದ ಮಕ್ಕಳ ಮೇಲಿನ ಸಿಟ್ಟಾಗಿತ್ತು.

ಆದ್ದರಿಂದ ನಾನು ಕೊಟ್ಟ ಮೊದಲ ಸಲಹೆ ಹೊಂದಿಕೊಳ್ಳುವ ಬಗ್ಗೆ ಇರಲಿಲ್ಲ. ಬೀಳ್ಕೊಡುಗೆಯೇ ಆಗಿರಲಿಲ್ಲವಲ್ಲ, ಅದನ್ನು ಮುಗಿಸಿ ಎಂದೆ. ಒಂದು ನೋಟ್‌ಬುಕ್ಕಿನಲ್ಲಿ ಹೆಸರು ಬರೆದುಕೊಂಡು ಬಂದರು: ಸಹಾಯಕಿಯರು, ದಾದಿಯರು, ನೀರು ಹೊರುತ್ತಿದ್ದ ಮುದುಕ, ತಮ್ಮ ಮೇಲೆ ದೂರು ಕೊಟ್ಟಿದ್ದ ಒಬ್ಬ ಅಧಿಕಾರಿ ಕೂಡ. ಒಬ್ಬೊಬ್ಬರಿಗೂ ಪತ್ರ ಅಥವಾ ಧ್ವನಿ ಸಂದೇಶ. ಕೃತಜ್ಞತೆ ಹೇಳಬೇಕಾದವರಿಗೆ ಕೃತಜ್ಞತೆ, ಕ್ಷಮೆ ಕೇಳಬೇಕಾದಲ್ಲಿ ಕ್ಷಮೆ, ಕೊನೆಯಲ್ಲಿ "ಹೋಗಿ ಬರುತ್ತೇನೆ" ಅಲ್ಲ, ವಿದಾಯ. ಅಧಿಕಾರಿಗೆ ಬರೆದದ್ದನ್ನು ಕಳುಹಿಸಲಿಲ್ಲ. ಅದು ಬೇಕಾಗಿಯೂ ಇರಲಿಲ್ಲ.

ಎರಡನೆಯ ಸಲಹೆ ಅವರಿಗೆ ಸ್ವಲ್ಪವೂ ಹಿಡಿಸಲಿಲ್ಲ. ರಾತ್ರಿ ಎರಡರ ಎಚ್ಚರಕ್ಕೆ ಕಾರಣ ಹುಡುಕುತ್ತಾ ಹೋದಾಗ ಗೊತ್ತಾದದ್ದು: ಮೊಬೈಲಿನ ಗಡಿಯಾರ ಇನ್ನೂ ಅಲ್ಲಿನ ಸಮಯವನ್ನೇ ತೋರಿಸುತ್ತಿತ್ತು, ಅಲ್ಲಿ ಕೇಂದ್ರದ ಬಾಗಿಲು ತೆರೆಯುವ ಹೊತ್ತಿಗೆ ಇಲ್ಲಿ ಸಂದೇಶಗಳು ಬರತೊಡಗುತ್ತಿದ್ದವು. ಯಾವ ಮಾತ್ರೆ ಎಷ್ಟು ತರಿಸಬೇಕು, ಯಾರಿಗೆ ರಜೆ ಕೊಡಬೇಕು ಎಂಬುದನ್ನೆಲ್ಲ ಇವರೇ ತೀರ್ಮಾನಿಸುತ್ತಿದ್ದರು. ಇವರ ಜಾಗಕ್ಕೆ ಬಂದ ಸ್ಥಳೀಯ ಯುವತಿ, ಇವರೇ ತಯಾರು ಮಾಡಿದವಳು, ಹೆಸರಿಗೆ ಮಾತ್ರ ಮುಖ್ಯಸ್ಥೆ. ವಾರಕ್ಕೊಮ್ಮೆ, ಹಗಲು ಹೊತ್ತಿನಲ್ಲಿ ಮಾತನಾಡಿ. ಉಳಿದ ದಿನ ತೀರ್ಮಾನ ಅವಳದು. ಗಡಿಯಾರವನ್ನು ಬದಲಿಸಿ ಎಂದೆ. "ಅವಳು ತಪ್ಪು ಮಾಡಿದರೆ?" ಎಂದು ಕೇಳಿದರು. "ನೀವು ಮೊದಲ ವರ್ಷ ಮಾಡಲಿಲ್ಲವೇ?" ಎಂದೆ. ಮುಂದಿನ ಭೇಟಿಗೆ ಬರಲಿಲ್ಲ. ಅದರ ಮುಂದಿನದಕ್ಕೆ ಬಂದು, ಕುಳಿತುಕೊಳ್ಳುವ ಮೊದಲೇ ಮೊಬೈಲನ್ನು ತೋರಿಸಿದರು. ಗಡಿಯಾರ ಬದಲಾಗಿತ್ತು. ನಿದ್ರೆ ಮರಳಿದ್ದು ಅದಾದ ಮೇಲೆ, ಅದೂ ನಿಧಾನವಾಗಿ.

ತಮ್ಮನನ್ನೂ ಒಂದು ಭೇಟಿಗೆ ಕರೆದೆ. ಒಳ್ಳೆಯ ಮನುಷ್ಯ, ಮಾತು ಕಡಿಮೆ. ತುಂಬ ಹೊತ್ತು ಸುಮ್ಮನಿದ್ದು, "ಅಕ್ಕ ಬಂದಾಗಿನಿಂದ ನಮ್ಮ ಮನೆಯಲ್ಲಿ ನಾವೇ ತಪ್ಪಿತಸ್ಥರ ಹಾಗೆ ಓಡಾಡುತ್ತಿದ್ದೇವೆ" ಎಂದರು. ಅಕ್ಕನ ಮುಖ ಬಿಳಿಚಿತು. ಹೊರದೇಶದ ಬಡತನವನ್ನು ಕಂಡು ಬಂದವರು ಸ್ವದೇಶದ ಅನುಕೂಲವನ್ನು ಕಂಡು ಕಿರಿಕಿರಿಪಡುವುದು ಸಹಜ. ಆದರೆ ಆ ಕಿರಿಕಿರಿಯನ್ನು ಧರ್ಮಬೋಧೆಯಾಗಿಸಿದರೆ ಮನೆಯವರು ದೂರವಾಗುತ್ತಾರೆ, ಬಡತನವೇನೂ ಕಡಿಮೆಯಾಗುವುದಿಲ್ಲ. "ದೀಪ ಆರಿಸಿ" ಎಂದು ಹೇಳುವ ಬದಲು, ಕತ್ತಲಾದ ಮೇಲೆ ಟಾರ್ಚ್ ಹಿಡಿದು ಹೆರಿಗೆ ಮಾಡಿಸಿದ ಕಥೆಯನ್ನು ಮಕ್ಕಳಿಗೆ ಹೇಳಿ, ಅವರಿಗೆ ಬೇಕಾದಷ್ಟೇ ಹೇಳಿ ಎಂದೆ. ತಮ್ಮನಿಗೆ ಹೇಳಿದ್ದು ಬೇರೆ: ಅಕ್ಕನನ್ನು ಅತಿಥಿಯಾಗಿ ನೋಡಿಕೊಳ್ಳುವುದನ್ನು ಬಿಡಿ. ಬಂದಾಗಿನಿಂದ ಆಕೆಗೆ ಒಂದು ಲೋಟ ತೊಳೆಯಲೂ ಬಿಟ್ಟಿರಲಿಲ್ಲ. ನೂರಾರು ಜನರಿಗೆ ಬೇಕಾಗಿದ್ದವರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

"ಅಲ್ಲಿ ಹೇಗಿತ್ತು?" ಎಂದು ಕೇಳುವವರಿಗೆ ಏನು ಹೇಳಬೇಕೆಂಬುದೂ ಒಂದು ಸಮಸ್ಯೆ. ಕೇಳುವವರಲ್ಲಿ ಬಹುಪಾಲು ಜನರಿಗೆ ಒಂದು ನಿಮಿಷದ ಉತ್ತರ ಸಾಕು. ಅದು ಅವರ ತಪ್ಪಲ್ಲ. ಎರಡನೆಯ ಪ್ರಶ್ನೆ ಕೇಳಿದವರಿಗೆ ಐದು ನಿಮಿಷ. ಪೂರ್ತಿ ಕೇಳಲು ಇಬ್ಬರು ಮೂವರು ಸಾಕು, ಆದರೆ ಅಷ್ಟು ಜನ ಬೇಕೇ ಬೇಕು. ಅಂಥವರನ್ನು ಹುಡುಕಿಕೊಡುವಂತೆ, ಲಿಡಿಯಾ ಅವರ ಒಪ್ಪಿಗೆ ಪಡೆದು, ಸಭಾಪಾಲಕರಿಗೆ ಪತ್ರ ಬರೆದೆ. ಜೊತೆಗೆ ಒಂದು ನಿಯಮ: ಅವರು ಮಾತು ಮುಗಿಸುವವರೆಗೆ ಬುದ್ಧಿ ಹೇಳಕೂಡದು, ನಡುವೆ ಪ್ರಾರ್ಥನೆಯನ್ನೂ ಮಾಡಕೂಡದು. ಸಭಾಪಾಲಕರಿಗೆ ಇದು ವಿಚಿತ್ರವೆನಿಸಿತು. ಕಷ್ಟದ ಮಾತು ಬಂದ ಕೂಡಲೇ "ಬನ್ನಿ, ಪ್ರಾರ್ಥಿಸೋಣ" ಎಂದು ಬಾಯಿ ಮುಚ್ಚಿಸುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಪ್ರಾರ್ಥನೆಗೆ ಅದು ಗೌರವವಲ್ಲ.

ಅದೇ ಸಭೆ ಅವರನ್ನು ಮಿಷನ್ ಸಮಿತಿಗೆ ಅಧ್ಯಕ್ಷೆಯನ್ನಾಗಿ ಮಾಡಲು ತುದಿಗಾಲಲ್ಲಿ ನಿಂತಿತ್ತು. ಬೇಡ ಎಂದೆ. ಕಳುಹಿಸಿದ ಸಂಸ್ಥೆಯಿಂದ ಬರುತ್ತಿದ್ದ ನೆರವು ನಿಲ್ಲುವ ದಿನ ಹತ್ತಿರವಾಗುತ್ತಿತ್ತು, ಪಿಂಚಣಿ ಇರಲಿಲ್ಲ. ಹಾಗಾಗಿ "ವಿಶ್ರಾಂತಿ ತೆಗೆದುಕೊಳ್ಳಿ" ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುವಂತೆಯೂ ಇರಲಿಲ್ಲ. ನೆರವನ್ನು ಎಷ್ಟು ಕಾಲ ಮುಂದುವರಿಸುತ್ತೀರಿ, ಸೇವೆ ಮುಗಿಸಿ ಬಂದವರ ಅನುಭವವನ್ನು ಕುಳಿತು ಕೇಳುವ ವ್ಯವಸ್ಥೆ ಇದೆಯೇ ಎಂದು ಸಂಸ್ಥೆಗೆ ಲಿಖಿತವಾಗಿ ಕೇಳಿಸಿದೆ. ನರ್ಸಿಂಗ್ ನೋಂದಣಿಯನ್ನು ನವೀಕರಿಸಲು ಬೇಕಾದ ಮರುತರಬೇತಿಗೆ ಸೇರಲು ಹೇಳಿದೆ. ತಮಗಿಂತ ಅರ್ಧ ವಯಸ್ಸಿನವರ ನಡುವೆ ಕುಳಿತು ಪಾಠ ಕೇಳುವುದು ಮುಜುಗರ ಎಂದರು. ಆದರೂ ಹೋದರು.

ಪ್ರಾರ್ಥನೆಯ ಮಾತು ಕೊನೆಗೆ ಬಂತು, ನಾಚಿಕೆಯಿಂದ. ತಾಯಿನುಡಿಯಲ್ಲಿ ಪ್ರಾರ್ಥನೆ ಬರುತ್ತಿಲ್ಲ, ಬಾಯಿ ತೆರೆದರೆ ಅಲ್ಲಿನ ಭಾಷೆ ಬರುತ್ತದೆ, ಅದಕ್ಕೆ ಪ್ರಾರ್ಥನಾ ಕೂಟದಲ್ಲಿ ಸುಮ್ಮನೆ ಕುಳಿತಿರುತ್ತೇನೆ ಎಂದರು. ಜನ ಅದನ್ನು ವಿಶ್ವಾಸ ಕುಂದಿದ್ದಕ್ಕೆ ಗುರುತು ಎಂದುಕೊಂಡಿದ್ದರು. ಅದೇ ಭಾಷೆಯಲ್ಲೇ ಪ್ರಾರ್ಥಿಸಿ, ಗಟ್ಟಿಯಾಗಿಯೇ ಪ್ರಾರ್ಥಿಸಿ ಎಂದೆ. ಆ ಭಾಷೆಯನ್ನು ಸವೆಯಲು ಬಿಡಬೇಡಿ, ಅದಕ್ಕೆ ಕೆಲಸ ಕೊಡಿ ಎಂದೂ ಹೇಳಿದೆ. ಕನ್ನಡ ಓದುಗರಿಗೆ ಇದಕ್ಕೆ ಉದಾಹರಣೆ ಹುಡುಕಬೇಕಾಗಿಲ್ಲ. 1853ರಲ್ಲಿ ಮಿಷನರಿಯಾಗಿ ಬಂದ ಫರ್ಡಿನೆಂಡ್ ಕಿಟೆಲ್ ಕೊನೆಗೆ ಜರ್ಮನಿಗೆ ಮರಳಿದ ಮೇಲೂ ಕನ್ನಡವನ್ನು ಕೈಬಿಡಲಿಲ್ಲ. 1894ರಲ್ಲಿ ನಿಘಂಟು ಪ್ರಕಟವಾಯಿತು, ವ್ಯಾಕರಣ 1903ರಲ್ಲಿ, ತೀರಿಕೊಂಡ ವರ್ಷವೇ. ಲಿಡಿಯಾ ಅವರೀಗ ಕೇಂದ್ರದ ದಾದಿಯರಿಗಾಗಿ ಆ ಭಾಷೆಯಲ್ಲೊಂದು ಹೆರಿಗೆ ಕೈಪಿಡಿಯನ್ನು ಬರೆಯುತ್ತಿದ್ದಾರೆ. ದೂರದಿಂದ ಕೇಂದ್ರವನ್ನು ಆಳುವುದಕ್ಕಿಂತ ಇದು ವಾಸಿ.

ಬೈಬಲಿನ ಅಪೊಸ್ತಲರ ಕೃತ್ಯಗಳ 14ನೆಯ ಅಧ್ಯಾಯವನ್ನು ಅವರು ನನಗಿಂತ ಚೆನ್ನಾಗಿ ಬಲ್ಲರು. ಸುವಾರ್ತೆ ಸಾರಲು ಹೋಗಿದ್ದ ಪೌಲನೂ ಬಾರ್ನಬನೂ ತಮ್ಮನ್ನು ಕಳುಹಿಸಿದ್ದ ಅಂತಿಯೋಕ್ಯಕ್ಕೆ ಮರಳಿ, ಸಭೆಯನ್ನು ಕೂಡಿಸಿ, ನಡೆದದ್ದನ್ನೆಲ್ಲ ಹೇಳುತ್ತಾರೆ. ಮುಂದಿನ ವಚನದಲ್ಲಿ, ಅಲ್ಲಿ ಶಿಷ್ಯರೊಂದಿಗೆ ಬಹುಕಾಲ ಇದ್ದರು ಎಂದಿದೆ. ಹೇಳುವುದಕ್ಕೆ ಹತ್ತು ನಿಮಿಷ ಎಂದೇನೂ ಅಲ್ಲಿಲ್ಲ, ಅಲ್ಲವೇ ಎಂದೆ. ಬಂದಾಗಿನಿಂದ ಮೊದಲ ಸಲ ನಕ್ಕರು.

ಈಗ ಭೇಟಿಗಳ ನಡುವಿನ ಅಂತರ ಹೆಚ್ಚಾಗಿದೆ. ಸಿಟ್ಟು ಪೂರ್ತಿ ಹೋಗಿಲ್ಲ. ಸಭೆಯ ಕೆಲವರೊಂದಿಗೆ ಇನ್ನೂ ಹೊಂದಿಕೆಯಾಗಿಲ್ಲ, ಆಗಲೇಬೇಕೆಂಬ ಹಟ ನನಗೂ ಇಲ್ಲ. ಈ ನಡುವೆ ಸಂಸ್ಥೆಯಿಂದ ಪತ್ರ ಬಂದಿದೆ, ಅದೇ ಭಾಷೆಯನ್ನಾಡುವ ನೆರೆಯ ದೇಶಕ್ಕೆ ಹೋಗುತ್ತೀರಾ ಎಂದು. ನನ್ನ ಅಭಿಪ್ರಾಯ ಕೇಳಿದರು. ಹೋಗಿ ಅಥವಾ ಬೇಡ ಎಂದು ಹೇಳುವುದು ನನ್ನ ಕೆಲಸವಲ್ಲ. ಅಲ್ಲಿ ಯಾರೋ ಕಾಯುತ್ತಿದ್ದಾರೆಂದು ಹೊರಟಿದ್ದೀರೋ, ಇಲ್ಲಿ ಯಾರೂ ಕಾಯುತ್ತಿಲ್ಲವೆಂದು ಹೊರಟಿದ್ದೀರೋ ಎಂಬುದು ನಿಮಗೇ ಸ್ಪಷ್ಟವಾಗುವವರೆಗೆ ಉತ್ತರ ಬರೆಯಬೇಡಿ, ಮರುತರಬೇತಿಯನ್ನಂತೂ ಅರ್ಧಕ್ಕೆ ಬಿಡಬೇಡಿ ಎಂದಷ್ಟೇ ಹೇಳಿದ್ದೇನೆ. ಪರೀಕ್ಷೆ ಮುಗಿದ ಮೇಲೆ ತಮ್ಮನ ಜೊತೆಯಲ್ಲೇ ಬರುವುದಾಗಿ ತಿಳಿಸಿದ್ದಾರೆ.