ಕಷ್ಟದಲ್ಲಿದ್ದಾಗ ಶಿಸ್ತು, ಮನಸ್ಸಿನ ಗಟ್ಟಿತನ ಬೆಳೆಸಿಕೊಳ್ಳೋದು ಹೇಗೆ?

ಅಪ್ಪನ ಅಂಗಡಿ ಮುಚ್ಚಿದೆ, ಮನೆ ಮೇಲೆ ಸಾಲ ಇದೆ, ನೀವು ಪರೀಕ್ಷೆಗೆ ಓದಲೇಬೇಕು. ಆದರೆ ಎರಡು ದಿನ ಓದಿದರೆ ಮೂರನೇ ದಿನ ಪುಸ್ತಕ ಮುಟ್ಟೋಕೆ ಮನಸ್ಸಾಗಲ್ಲ. "ಕಷ್ಟ ಮನುಷ್ಯನನ್ನು ಗಟ್ಟಿ ಮಾಡುತ್ತೆ ಅಂತಾರಲ್ಲ, ನನಗೆ ಯಾಕೆ ಹಾಗಾಗಲಿಲ್ಲ?" ಅಂತ ಕೇಳಿದ್ದೀರಿ.

ಆ ಮಾತನ್ನು ನಾನು ಅಷ್ಟಾಗಿ ನಂಬಲ್ಲ. ನನ್ನನ್ನಂತೂ ಕಷ್ಟ ಮೊದಲು ಸೋಮಾರಿ ಮಾಡಿತು, ಆಮೇಲೆ ಸಿಡುಕ ಮಾಡಿತು.

2017ರಲ್ಲಿ ನಮ್ಮಪ್ಪನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ನಾನಾಗ ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸದಲ್ಲಿದ್ದೆ. ಬಿಟ್ಟು ಊರಿಗೆ ಬಂದೆ. ನಮ್ಮದು ಕನಕಪುರದ ಕಡೆ. ಒಂದೂವರೆ ಎಕರೆ ಹಿಪ್ಪುನೇರಳೆ ತೋಟ, ಒಂದು ಹುಳು ಮನೆ, ಆಸ್ಪತ್ರೆಗೆ ಅಂತ ಮಾಡಿದ ಸಾಲ. ಅಪ್ಪ ಮೂವತ್ತು ವರ್ಷ ರೇಷ್ಮೆ ಹುಳ ಸಾಕಿದವರು. ನಾನು ಗೂಡು ಬಿಡಿಸೋಕೆ ಮಾತ್ರ ಕೈ ಹಾಕಿದವನು.

ಬಂದ ಮೇಲೆ ಏನು ಮಾಡಿದೆ ಗೊತ್ತಾ? ರಾತ್ರಿ ಎರಡರವರೆಗೆ ಮೊಬೈಲ್, ಬೆಳಿಗ್ಗೆ ಒಂಬತ್ತಕ್ಕೆ ಏಳೋದು. ಅಮ್ಮ ಅಪ್ಪನ ಮೈ ತೊಳೆದು, ಅಡುಗೆ ಮಾಡಿ, ತಾನೇ ತೋಟಕ್ಕೆ ಹೋಗಿ ಸೊಪ್ಪು ಕೊಯ್ದು ತರುತ್ತಿದ್ದಳು. ಇದನ್ನು ಬರೆಯೋಕೆ ಈಗಲೂ ನಾಚಿಕೆ. "ಮನಸ್ಸೇ ಸರಿ ಇಲ್ಲ" ಅಂತಿದ್ದೆ. ಅದು ನಿಜವೂ ಆಗಿತ್ತು. ಆದರೆ ಹುಳಕ್ಕೆ ನನ್ನ ಮನಸ್ಸು ಕಟ್ಟಿಕೊಂಡು ಏನಾಗಬೇಕು?

ನಾನು ನೋಡಿಕೊಂಡ ಮೊದಲನೇ ಬೆಳೆಯೇ ಹೋಯಿತು. ಹಾಲುತೊಂಡೆ ಅನ್ನೋ ರೋಗ. ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡೋದು, ಮುಗಿಸಿ ಎದ್ದು ಹುಳ ಜೋರಾಗಿ ಮೇಯಬೇಕಾದ ಹೊತ್ತಿಗೆ ಮೈ ಊದಿಕೊಂಡು, ಸೊಪ್ಪು ಬಿಟ್ಟು ರ‍್ಯಾಕಿನ ಅಂಚಿಗೆ ಹರಿದು ಬರತೊಡಗಿದವು. ಮುಟ್ಟಿದರೆ ಚರ್ಮ ಹರಿದು ಹಾಲಿನಂಥ ನೀರು. ಮೂರು ದಿನ ಬುಟ್ಟಿಗಟ್ಟಲೆ ಆರಿಸಿ ತೆಗೆದು ಗುಂಡಿಗೆ ಹಾಕಿ ಸುಣ್ಣ ಸುರಿದೆ. ಕಾರಣ ಹುಡುಕೋಕೆ ದೂರ ಹೋಗಬೇಕಿರಲಿಲ್ಲ. ಹಿಂದಿನ ಬೆಳೆ ಆದ ಮೇಲೆ ಹುಳು ಮನೆ ತೊಳೆದು, ಬ್ಲೀಚಿಂಗ್ ಪುಡಿ, ಸುಣ್ಣದ ನೀರು ಹೊಡೆಯಬೇಕು. ಹುಳ ಗೂಡು ಕಟ್ಟೋ ಚಂದ್ರಿಕೆಗಳನ್ನು ಬಿಸಿಲಿಗೆ ಹಾಕಬೇಕು. ನಾನು ನೆಲಕ್ಕೆ ಒಂದಿಷ್ಟು ಎರಚಿ ಬಾಗಿಲು ಹಾಕಿಕೊಂಡು ಬಂದಿದ್ದೆ.

ಆವಾಗ ಪಕ್ಕದ ಮನೆ ದೊಡ್ಡಮ್ಮ ಬಂದರು. ಅವರು ಸಮಾಧಾನ ಮಾಡುವ ಜಾತಿಯಲ್ಲ. ಬಾಗಿಲಲ್ಲೇ ನಿಂತು, "ಯಾಕ್ಲಾ ಮಗಾ, ಹುಳಕ್ಕೆ ಹೊಟ್ಟೆ ಹಸಿಯೋದು ನಿನ್ನ ಮೊಬೈಲ್ ನೋಡ್ಕಂಡಾ?" ಅಂದರು. ಸಿಟ್ಟು ಬಂತು. ಆದರೆ ಮುಂದಿನ ಬೆಳೆಗೆ ಅವರನ್ನೇ ಕರೆದೆ. ಬೇರೆ ದಾರಿ ಇರಲಿಲ್ಲ.

ರೇಷ್ಮೆ ಗೊತ್ತಿಲ್ಲದವರಿಗೆ ಎರಡು ಮಾತು. ಎರಡನೇ ಜ್ವರ ಎದ್ದ ಮರಿಹುಳಗಳನ್ನು, ಅವನ್ನು ಸಾಕಿಕೊಡೋ ಚಾಕಿ ಕೇಂದ್ರದಿಂದ ತರುತ್ತೇವೆ. ಅಲ್ಲಿಂದ ಹಣ್ಣಾಗಿ, ಅಂದರೆ ಗೂಡು ಕಟ್ಟೋಕೆ ತಯಾರಾಗಿ, ಚಂದ್ರಿಕೆಗೆ ಬಿಡೋವರೆಗೆ ಹೆಚ್ಚುಕಮ್ಮಿ ಹದಿನೆಂಟು ದಿನ. ದಿನಕ್ಕೆ ಮೂರು ಹೊತ್ತು ಸೊಪ್ಪು. ಒಂದು ಹುಳ ಬದುಕಿನಲ್ಲಿ ತಿನ್ನೋ ಸೊಪ್ಪಿನಲ್ಲಿ ನೂರಕ್ಕೆ 80 ಭಾಗಕ್ಕಿಂತ ಜಾಸ್ತಿ ತಿನ್ನೋದು ಕೊನೆಯ ಒಂದು ವಾರದಲ್ಲಿ. ಆ ವಾರ ಮದುವೆ, ಹಬ್ಬ, ಸಾವು ಏನೇ ಬರಲಿ, ಸೊಪ್ಪು ಬರಲೇಬೇಕು.

ನನ್ನನ್ನು ಎಬ್ಬಿಸಿದ್ದು ಇದೇ. ಸಂಕಲ್ಪ ಗಿಂಕಲ್ಪ ಅಲ್ಲ. ಬಿಸಿಲೇರಿದ ಮೇಲೆ ಕೊಯ್ದ ಸೊಪ್ಪು ಬೇಗ ಬಾಡುತ್ತೆ, ಅದಕ್ಕೇ ಐದೂವರೆಗೆ ತೋಟದಲ್ಲಿರಬೇಕು. ಮೊದಲ ವಾರ ಬೈದುಕೊಂಡೇ ಹೋಗುತ್ತಿದ್ದೆ. ಬೈದುಕೊಂಡು ಕೊಯ್ದ ಸೊಪ್ಪನ್ನೂ ಹುಳ ತಿಂದವು. ಇದು ಸಣ್ಣ ವಿಷಯ ಅನ್ನಿಸಬಹುದು, ನನಗೆ ಮಾತ್ರ ದೊಡ್ಡದಾಗಿ ಕಂಡಿತು. ಅಲ್ಲಿವರೆಗೂ ಮನಸ್ಸು ಸರಿಯಾದ ಮೇಲೆ ಕೆಲಸ ಅಂದುಕೊಂಡಿದ್ದೆ.

ಒಂದು ದಿನ ಸಂಜೆ ಹೊತ್ತು ತಪ್ಪಿಸಿದೆ. ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬರೋದು ತಡವಾಯಿತು. ಬೆಳಿಗ್ಗೆ ಗಾಬರಿಯಲ್ಲಿ ಎರಡರಷ್ಟು ಸೊಪ್ಪು ತಂದು ಸುರಿಯೋಕೆ ಹೋದೆ. ದೊಡ್ಡಮ್ಮ ಕೈ ಹಿಡಿದರು. "ನೆನ್ನೇದು ನೆನ್ನೇಗೆ ಹೋಯ್ತು. ಈ ಹೊತ್ತಿಂದು ಎಷ್ಟೋ ಅಷ್ಟು ಹಾಕು." ಜಾಸ್ತಿ ಹಾಕಿದರೆ ತಿನ್ನದೆ ಉಳಿದಿದ್ದು ಹುಳದ ಕೆಳಗೆ ಬಿಸಿಯಾಗಿ, ಒದ್ದೆಯಾಗಿ, ಅಲ್ಲಿಂದಲೇ ರೋಗ ಶುರು. ನಿಮ್ಮ ಪ್ರಶ್ನೆ ಓದಿದಾಗ ನನಗೆ ಮೊದಲು ನೆನಪಾಗಿದ್ದು ಈ ಬೆಳಿಗ್ಗೆ. ಮೂರನೇ ದಿನ ಓದು ತಪ್ಪಿತು ಅಂತ ನಾಲ್ಕನೇ ದಿನಕ್ಕೆ ಹನ್ನೆರಡು ಗಂಟೆಯ ಟೈಂಟೇಬಲ್ ಬರೆದುಕೊಳ್ಳುತ್ತೀರಿ, ಅಲ್ವಾ? ಅದು ಆಗಲ್ಲ. ಐದನೇ ದಿನ ಪುಸ್ತಕ ಕಂಡರೇ ಭಯವಾಗುತ್ತೆ. ತಪ್ಪಿದ್ದನ್ನು ಅಲ್ಲೇ ಬಿಡಿ. ಎರಡು ಗಂಟೆ ಅಂತ ಇದ್ದರೆ ಎರಡೇ ಗಂಟೆ ಓದಿ, ಎದ್ದುಬಿಡಿ.

ಇನ್ನೊಂದು, ಜ್ವರ. ಹುಳ ಪೊರೆ ಬಿಡೋದಕ್ಕೆ ನಾವು ಜ್ವರ ಅಂತೀವಿ. ತಲೆ ಎತ್ತಿಕೊಂಡು ಅಲ್ಲಾಡದೆ ಒಂದು ದಿನ, ಕೆಲವೊಮ್ಮೆ ಇನ್ನೂ ಸ್ವಲ್ಪ ಹೊತ್ತು ಕೂತಿರುತ್ತವೆ. ಆವಾಗ ಸೊಪ್ಪು ಹಾಕಬಾರದು. ಹಾಸಿಗೆ ಒಣಗಲಿ ಅಂತ ಸುಣ್ಣದ ಪುಡಿ ಉದುರಿಸಿ ಸುಮ್ನೆ ಇರಬೇಕು. ನಾಲ್ಕು ಹುಳ ಎದ್ದವು ಅಂತ ಆತುರ ಬಿದ್ದು ಸೊಪ್ಪು ಕೊಟ್ಟರೆ ಎದ್ದವು ಮುಂದೆ ಹೋಗುತ್ತವೆ, ಉಳಿದವು ಹಿಂದೆ ಬೀಳುತ್ತವೆ, ಕೊನೆಗೆ ಎಲ್ಲವೂ ಒಟ್ಟಿಗೆ ಹಣ್ಣಾಗಲ್ಲ. ಸೊಪ್ಪು ಕೊಯ್ಯೋದಕ್ಕಿಂತ ನನಗೆ ಕಷ್ಟವಾಗಿದ್ದು ಈ ಸುಮ್ನೆ ಇರೋದು. ಮೈ ಮುರಿದು ಕೆಲಸ ಮಾಡೋದೇ ಶಿಸ್ತು ಅಂದುಕೊಂಡಿದ್ದೆನಲ್ಲ. ಅಪ್ಪನ ವಿಷಯದಲ್ಲೂ ಹಾಗೇ. ದಿನಾ ಕೈಕಾಲಿಗೆ ವ್ಯಾಯಾಮ ಮಾಡಿಸುತ್ತಾ, "ಇನ್ನೂ ಎತ್ತು, ಇನ್ನೂ ಎತ್ತು" ಅಂತ ಗದರುತ್ತಿದ್ದೆ. ಒಂದು ದಿನ ಅಪ್ಪ ಎಡಗೈಯಲ್ಲಿ ನನ್ನ ಕೈ ತಳ್ಳಿ ಗೋಡೆ ಕಡೆ ತಿರುಗಿಕೊಂಡರು. ಅವತ್ತಿಂದ ಗದರೋದು ಬಿಟ್ಟೆ.

2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಅಂದಾಗ ನಮ್ಮ ಹುಳ ಕೊನೇ ಹಂತದಲ್ಲಿದ್ದವು. ಗೂಡನ್ನು ಮನೆಯಲ್ಲಿಟ್ಟುಕೊಂಡು ಕೂರೋ ಹಾಗಿಲ್ಲ. ತಡವಾದರೆ ಒಳಗಿನ ಚಿಟ್ಟೆ ಗೂಡು ತೂತು ಮಾಡಿಕೊಂಡು ಆಚೆ ಬರುತ್ತೆ. ತೂತಾದ ಗೂಡಿನಿಂದ ನೂಲು ಬಿಚ್ಚೋಕೆ ಆಗಲ್ಲ. ರಾಮನಗರದ ಮಾರ್ಕೆಟ್ ಏನಾಗುತ್ತೋ, ಗಾಡಿ ಬಿಡುತ್ತಾರೋ ಇಲ್ಲವೋ, ಯಾರಿಗೂ ಗೊತ್ತಿರಲಿಲ್ಲ. ಹಳೆಯ ನಾನಾಗಿದ್ದರೆ "ಇನ್ನೇನು ಸೊಪ್ಪು ಹಾಕೋದು" ಅಂತ ಮಲಗಿಬಿಡುತ್ತಿದ್ದೆ. ಮಾರನೇ ದಿನ ಬೆಳಿಗ್ಗೆ ಐದೂವರೆಗೆ ತೋಟದಲ್ಲಿದ್ದೆ. ಧೈರ್ಯ ಇತ್ತು ಅಂತಲ್ಲ, ಕಾಲು ತಾನಾಗಿ ಹೋಯಿತು. ಕೊನೆಗೆ ಸಿಕ್ಕ ರೇಟಿನಲ್ಲಿ ಖರ್ಚೂ ಹುಟ್ಟಲಿಲ್ಲ. ಶಿಸ್ತಾಗಿದ್ದರೆ ಒಳ್ಳೇದೇ ಆಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಇಲ್ಲಿ ಒಂದು ಹೇಳದಿದ್ದರೆ ಮೋಸ. ನಾನೊಬ್ಬನೇ ಹಲ್ಲು ಕಚ್ಚಿ ಮೇಲೆದ್ದೆ ಅನ್ನೋದು ಸುಳ್ಳು. ಅಮ್ಮನ ಸ್ತ್ರೀಶಕ್ತಿ ಸಂಘದಿಂದ ಸಾಲ ಸಿಕ್ಕಿತು. ದೊಡ್ಡಮ್ಮನ ಮಗ ಎರಡು ಬೆಳೆಗೆ ಕೂಲಿ ತಗೊಳ್ಳದೆ ಬಂದ. ನೀವೂ ಮೊದಲು ಮನೆಯ ಸಾಲದ ಲೆಕ್ಕವನ್ನು ಅಪ್ಪನ ಜೊತೆ ಕೂತು ಒಂದು ಹಾಳೆಯಲ್ಲಿ ಬರೆಯಿರಿ. ತಲೆಯಲ್ಲಿ ಗಿರಕಿ ಹೊಡೆಯೋ ಸಾಲಕ್ಕಿಂತ ಹಾಳೆಯ ಮೇಲಿನ ಸಾಲ ಸಾಮಾನ್ಯವಾಗಿ ಚಿಕ್ಕದಾಗಿರುತ್ತೆ. ನಿದ್ದೆಯೇ ಬರದ ಹಾಗೆ, ಊಟ ಸೇರದ ಹಾಗೆ ಆಗಿದ್ದರೆ ಡಾಕ್ಟರ ಹತ್ತಿರ ಹೋಗಿ. ಅದನ್ನು ಶಿಸ್ತಿನ ಲೆಕ್ಕಕ್ಕೆ ಸೇರಿಸಬೇಡಿ.

ಇನ್ನು ಓದು. ನಿಮಗಾಗಿ ಕಾಯೋ ಯಾರನ್ನಾದರೂ ಹುಡುಕಿಕೊಳ್ಳಿ. ಪುಸ್ತಕಕ್ಕೆ ಹಸಿವಾಗಲ್ಲ, ಅದೇ ಅದರ ತೊಂದರೆ. ನಮ್ಮೂರಿನ ಒಬ್ಬ ಹುಡುಗಿ ಪರೀಕ್ಷೆಗೆ ಓದುವಾಗ ದಿನಾ ಸಂಜೆ ಆರಕ್ಕೆ ಪಕ್ಕದ ಬೀದಿಯ ಇಬ್ಬರು ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದಳು. ಆರಾದರೆ ಮಕ್ಕಳು ಬಾಗಿಲಲ್ಲಿ. ಅವರ ಪುಸ್ತಕ ಮುಚ್ಚಿದ ಕೂಡಲೇ ಅದೇ ಚಾಪೆ ಮೇಲೆ ತನ್ನದು ತೆರೆಯುತ್ತಿದ್ದಳು.

ಎಷ್ಟು ದಿನ ಬೇಕು ಅಂತಲೂ ಕೇಳಿದ್ದೀರಿ. ನನಗೆ ಸಮಾಧಾನವಾಗೋ ಬೆಳೆ ಬಂದಿದ್ದು ನಾಲ್ಕನೇ ಸಲಕ್ಕೆ. ಈಗ ಎಲ್ಲ ಕಲಿತುಬಿಟ್ಟೆ ಅಂತೇನಿಲ್ಲ. ಹೋದ ಮಳೆಗಾಲದಲ್ಲಿ ಸಪ್ಪೆ ರೋಗ ಬಂದು ಮತ್ತೆ ಅರ್ಧ ಬೆಳೆ ಹೋಯಿತು. ಎರಡು ದಿನ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ ಬೆಳಿಗ್ಗೆ ಹುಳು ಮನೆಗೆ ಹೋದರೆ, ಅಪ್ಪ ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಪಕ್ಕದಲ್ಲಿ ಬ್ಲೀಚಿಂಗ್ ಪುಡಿಯ ಚೀಲ. ಎಡಗೈಯಲ್ಲಿ ಪೊರಕೆ ನನ್ನ ಕಡೆ ಚಾಚಿದರು.